ಎರಡು ಗುಂಜಿಗೂ ಕಮ್ಮಿ

ಅರಭಾವಿಯಲ್ಲಿ ಬಂಗಾರ ಕೊಳ್ಳುವುದನ್ನು ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಕಬ್ಬಿನ ಬಿಲ್ಲು ಕೈಗೆ ಬಂದ ವರ್ಷ ಒಂದೆಳೆ ಸರ ಮನೆಗೆ ಬರುತ್ತದೆ, ಬಾರದ ವರ್ಷ ಅದೇ ಸರ ಗಿರವಿಗೆ ಹೋಗುತ್ತದೆ. ನಮ್ಮ ಆಯಿಯ ಅಂಗೈಗೆ ಪಾಟಲಿ ಇಟ್ಟರೆ ಸಾಕು, "ಎರಡ ತೊಲಿಗೆ ಎರಡ ಗುಂಜಿ ಕಮ್ಮಿ ಐತಿ ನೋಡ" ಅನ್ನುತ್ತಾಳೆ. ಪತ್ತಾರನ ತಕ್ಕಡಿ ಆಮೇಲೆ ಹೂಂಗುಟ್ಟುತ್ತದೆ. ಇಂಥ ಮನೆಯಲ್ಲಿ, ಊರಿನ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜಿನಲ್ಲಿ ಓದುವ ಅಣ್ಣನ ಮಗಳು, ನಿಶ್ಚಯಕ್ಕೆ ತನಗೆ ಓವಲ್ ವಜ್ರದ ಉಂಗುರವೇ ಬೇಕು ಎಂದುಬಿಟ್ಟಳು.

"ಓವಲ್ ಅಂದ್ರ?" ಎಂದಳು ಆಯಿ. ಬಾಯಿ ತಡೆಯದ ಹುಡುಗನೊಬ್ಬ "ತತ್ತಿ ಇದ್ದಂಗ" ಎಂದ. ಲಿಂಗ ಕಟ್ಟಿದ ಮನೆಯಲ್ಲಿ ತತ್ತಿಯ ಸುದ್ದಿ! ಆಯಿ ವಿಭೂತಿ ಹಣೆಯನ್ನು ಇನ್ನೊಮ್ಮೆ ಮುಟ್ಟಿಕೊಂಡಳು. ತೋಟಗಾರಿಕೆ ಓದುವ ಹುಡುಗಿ ತಕ್ಷಣ ಅದನ್ನು ನೇರಳೆ ಹಣ್ಣಿನ ಆಕಾರ ಮಾಡಿ, ಉಂಗುರವನ್ನು ಶಾಕಾಹಾರಕ್ಕೆ ತಂದಳು.

ಆದರೆ ಆಯಿಯ ನಿಜವಾದ ತಕರಾರು ತೂಕದ್ದು. ವಜ್ರದ ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ನಮ್ಮ ಗುಂಜಿ ಲೆಕ್ಕದಲ್ಲಿ ಎರಡಕ್ಕೂ ಕಮ್ಮಿ. "ಎರಡ ಗುಂಜಿ ತೂಗದ ಕಲ್ಲಿಗೆ ಇಷ್ಟ ರೊಕ್ಕಾ? ನಾಳಿ ಗಿರವಿ ಇಡಾಕ ಹ್ವಾದ್ರ ಏನ್ ಕೊಡ್ತಾರ?" ಕೇಳಿದ್ದು ನೂರಕ್ಕೆ ನೂರು ಸರಿ. ಬ್ಯಾಂಕಿನವರು ಬಂಗಾರದ ಸಾಲ ಕೊಡುವಾಗ ಬಂಗಾರಕ್ಕಷ್ಟೇ ಬೆಲೆ ಕಟ್ಟುತ್ತಾರೆ, ಹರಳಿನ ತೂಕ ಕಳೆಯುತ್ತಾರೆ. ಮೇಲಾಗಿ ವಜ್ರ ಕೂಡಿಸುವ ಉಂಗುರ ಸಾಮಾನ್ಯವಾಗಿ 18 ಕ್ಯಾರೆಟ್ಟಿನದು, ನೂರಕ್ಕೆ 75 ಪಾಲು ಮಾತ್ರ ಬಂಗಾರ. 22ರದು ಮೆತ್ತಗೆ, ಹರಳನ್ನು ಗಟ್ಟಿ ಹಿಡಿಯುವುದಿಲ್ಲ ಎಂದು ಸರಾಫರು ತಿಳಿಸಿ ಹೇಳಿದರು. ಆಯಿ ಕೇಳಿಸಿಕೊಂಡಳು, ನಂಬಲಿಲ್ಲ.

ಓವಲ್‌ಗೆ ದೊಡ್ಡ ಮನೆತನವೂ ಇದೆ. ಕೊಹಿನೂರು ಓವಲ್ಲೇ. ಕೃಷ್ಣಾ ದಂಡೆಯ ಕೊಲ್ಲೂರು ಗಣಿಯದು ಎಂದು ಪ್ರತೀತಿ. ನಮ್ಮ ಘಟಪ್ರಭೆ ಹೋಗಿ ಸೇರುವುದೂ ಕೃಷ್ಣೆಯನ್ನೇ ಆದ್ದರಿಂದ ದೂರದ ಬೀಗತನ ಹೇಳಿಕೊಳ್ಳಬಹುದು. 1852ರಲ್ಲಿ ಲಂಡನ್ನಿನಲ್ಲಿ ಅದನ್ನು ಹೊಳಪಿಗಾಗಿ ಮತ್ತೆ ಕತ್ತರಿಸಿದಾಗ, 191 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ಅರಭಾವಿಯಲ್ಲಿ ಯಾವ ಪತ್ತಾರನಾದರೂ ಇಷ್ಟು ಸವೆಸಿದ್ದರೆ ದುರದುಂಡೇಶ್ವರ ಮಠದಲ್ಲಿ ಪಂಚಾಯ್ತಿ ಕೂಡುತ್ತಿತ್ತು.

ಹುಡುಗಿಯ ಲೆಕ್ಕ ಬೇರೆ. ಅಷ್ಟೇ ತೂಕದ ದುಂಡು ಹರಳಿಗಿಂತ ಓವಲ್ ಉದ್ದಕ್ಕೆ ಹರಡಿ ದೊಡ್ಡದು ಕಾಣುತ್ತದೆ, ಬೆರಳೂ ನೀಳವಾಗಿ ಕಾಣುತ್ತದೆ. ಉದ್ದ ಅಗಲಕ್ಕಿಂತ ಒಂದೂವರೆ ಪಟ್ಟು ಮೀರಬಾರದು ಎಂಬುದನ್ನೂ ಓದಿಕೊಂಡೇ ಬಂದಿದ್ದಳು. ಬೆಳಗಾವಿಯ ಅಂಗಡಿಯಲ್ಲಿ ಪ್ರತಿ ತಟ್ಟೆಯ ಮೇಲೂ ಸೂಜಿಮೊನೆಯಂಥ ದೀಪಗಳು. ಆ ಬೆಳಕಿನಲ್ಲಿ ಒಡೆದ ಬಳೆಯ ಚೂರೂ ಫಳಫಳ ಅನ್ನುತ್ತದೆ. ಅವಳು ಉಂಗುರ ಬೆರಳಿಗೇರಿಸಿ ನೇರ ಬಾಗಿಲಿಗೆ ನಡೆದಳು, ಹಿಂದೆಯೇ ಮಾರಾಟದ ಹುಡುಗ ಗಾಬರಿಯಿಂದ ಓಡಿದ. ಹೊಸ್ತಿಲ ನೆರಳಲ್ಲಿ ಕೈಯನ್ನು ಮೆಲ್ಲಗೆ ಹೊರಳಿಸಿದಾಗ ಹರಳಿನ ನಡುವೆ ಅಡ್ಡಲಾಗಿ ಕಪ್ಪು ನೆರಳೊಂದು ಮೂಡಿತು, ಮದುವೆಯ ಗಂಡಿನ ಬೋ ಟೈ ಇದ್ದಂತೆ. ಓವಲ್ ಹರಳಿಗೆ ಅಂಟಿದ ದೋಷವಿದು. ಕೆಲವದರಲ್ಲಿ ತೆಳ್ಳಗೆ, ಕೆಲವದರಲ್ಲಿ ಎದ್ದು ಕಾಣುವಷ್ಟು. ಬಣ್ಣ, ನಿರ್ಮಲತೆ ಎಲ್ಲ ಬರೆದಿರುವ ಪ್ರಮಾಣಪತ್ರದಲ್ಲಿ ಇದರ ಸುದ್ದಿ ಇರುವುದಿಲ್ಲ. ಅದಕ್ಕೆ ಕಣ್ಣೇ ಬೇಕು. "ಹೌದ್ ನೋಡ, ಕರ್ರಗೈತಿ!" ಎಂದು ಮೊದಲು ಹೇಳಿದ್ದು ಮೋತಿಬಿಂದುವಿನ ಶಸ್ತ್ರಕ್ರಿಯೆಯಾದ ಆಯಿ. ಅಲ್ಲಿಂದ ಮುಂದೆ ಹರಳುಗಳನ್ನು ಬಾಗಿಲಿಗೆ ಹೊತ್ತು ತಿರಸ್ಕರಿಸುವ ಉತ್ಸಾಹವೆಲ್ಲ ಅವಳದೇ.

ಕೊನೆಗೆ ಗೆದ್ದದ್ದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಹರಳು. ಅದೂ ಅಪ್ಪಟ ವಜ್ರವೇ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು, ಯಂತ್ರವೇ ಹೇಳಬೇಕು. ಬೆಲೆ ಮಾತ್ರ ಗಣಿಯದಕ್ಕಿಂತ ಬಹಳ ಕಮ್ಮಿ. 2023ರಲ್ಲಿ ನಮ್ಮ ಪ್ರಧಾನಿ ಅಮೆರಿಕದ ಆಗಿನ ಅಧ್ಯಕ್ಷರ ಪತ್ನಿಗೆ ಕೊಟ್ಟ 7.5 ಕ್ಯಾರೆಟ್ಟಿನದೂ ಇಂಥದೇ ಎಂದಾಗ ಬೀಗರ ಮುಖವೂ ಅರಳಿತು. ದಿನವೂ ಮಾವಿಗೆ ಕಸಿ ಕಟ್ಟುವ ಕೈಗೆ ಮುಳ್ಳಿನಂತೆ ಎದ್ದ ಹಿಡಿಗಳು ತೊಡಕಾಗುತ್ತವೆ ಎಂದು ಹರಳಿನ ಸುತ್ತ ಬಂಗಾರದ ಅಂಚು ಕಟ್ಟಿಸಿದಳು. ಈ ಬುದ್ಧಿ ನಮಗಾರಿಗೂ ಹೊಳೆದಿರಲಿಲ್ಲ. ಉಳಿದ ರೊಕ್ಕಕ್ಕೆ ಆಯಿ ಅಲ್ಲೇ ಒಂದು ತೊಲಿ ಬಂಗಾರ ಕೊಂಡಳು, ಕಲ್ಲಿಲ್ಲದ್ದು.

ನನ್ನ ಕೇಳಿದರೆ ಇಬ್ಬರದೂ ಸರಿ. ವಜ್ರ ಕಣ್ಣಿಗೆ, ಬಂಗಾರ ಕಷ್ಟಕ್ಕೆ. ಎರಡೂ ಕೆಲಸ ಒಂದೇ ಉಂಗುರದಿಂದ ಮಾಡಿಸಲು ಹೋಗಬೇಡಿ. ಓವಲ್ ನೋಡಲು ಹೋಗುವವರಿದ್ದರೆ ಹರಳನ್ನು ಅಂಗಡಿಯ ದೀಪದ ಕೆಳಗಲ್ಲ, ಬಾಗಿಲಿಗೆ ತಂದು ನೋಡಿ, ತಿರುಗಿ ಕೊಟ್ಟರೆ ಎಷ್ಟು ಕೊಡುತ್ತೀರಿ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಸಾಧ್ಯವಾದರೆ ಮನೆಯ ಆಯಿಯನ್ನೂ ಕರೆದೊಯ್ಯಿರಿ.