ಹಸಿರೋ ಹಳದಿಯೋ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಕೊರಿಯರ್ ಹುಡುಗ ವಿಳಾಸ ಓದದೆಯೇ ತಲುಪಿಸುವ ಮನೆಯೊಂದಿದೆ. ಅದು ಪೆಡಲ್ ಸಾರ್ ಮನೆ. ಪೆಡಲ್ ಎಂದರೆ ಸೈಕಲ್ಲಿನದಲ್ಲ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಕೂತು ಕಾಲಿನಿಂದ ಒತ್ತಿಸಿಕೊಳ್ಳುವ ಅಂಗೈಯಗಲದ ಡಬ್ಬಿ. ಸಾರ್ ಸ್ಲೈಡ್ ಗಿಟಾರ್ ನುಡಿಸುತ್ತಾರೆ. ಅಂದರೆ, ನುಡಿಸುವುದಕ್ಕೆ ತಕ್ಕ ಓವರ್‌ಡ್ರೈವ್ ಪೆಡಲ್ ಆರಿಸುತ್ತಿದ್ದಾರೆ. ಆರಿಸಲು ಶುರುಮಾಡಿದಾಗ ಎಲ್‌ಕೆಜಿಯಲ್ಲಿದ್ದ ಮಗಳು, ಪಿಯುಸಿಗೆ ಸೈನ್ಸೋ ಕಾಮರ್ಸೋ ಎಂಬುದನ್ನು ಮೊನ್ನೆ ಒಂದೇ ಸಂಜೆಯಲ್ಲಿ ತೀರ್ಮಾನಿಸಿಬಿಟ್ಟಳು.

ಸಾರ್ ವಾದದಲ್ಲಿ ಹುರುಳಿಲ್ಲದಿಲ್ಲ. ಬೆರಳಿಗೆ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುವಾಗ ಸ್ವರ ಮುಟ್ಟಬೇಕಾದ ಜಾಗ ಮುಟ್ಟುವ ಮೊದಲೇ ಸೊರಗುತ್ತದೆ. ಓವರ್‌ಡ್ರೈವ್ ಆ ಸದ್ದಿನ ಅಲೆಯ ನೆತ್ತಿಯನ್ನು ಸವರಿ ಚಪ್ಪಟೆ ಮಾಡುತ್ತದೆ. ಜೋರು ದನಿಗೂ ಮೆಲುದನಿಗೂ ಅಂತರ ಕುಗ್ಗಿ ಸ್ವರ ಇನ್ನಷ್ಟು ಹೊತ್ತು ಬಾಳುತ್ತದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಪೆಡಲ್ ಸಾಕಿತ್ತು. ಆದರೆ ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಮಂದ್ರವನ್ನು ತಗ್ಗಿಸಿ ನಡುವಿನ ಸದ್ದನ್ನು ಉಬ್ಬಿಸುತ್ತದೆ. 1981ರಲ್ಲಿ ಬಂದ ಹಳದಿ ಬಾಸ್ ಎಸ್‌ಡಿ-1 ಅಲೆಯ ಮೇಲರ್ಧವನ್ನೊಂದು ಅಳತೆಯಲ್ಲಿ, ಕೆಳಗಿನರ್ಧವನ್ನೊಂದು ಅಳತೆಯಲ್ಲಿ ಸವರುತ್ತದೆ. ಈ ವ್ಯತ್ಯಾಸ ಸಾರ್‌ಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅಡುಗೆಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೆಂಬುದು ಕೇಳಿಸುವುದಿಲ್ಲ.

ಇನ್ನು ಕ್ಲೋನ್ ಸೆಂಟಾರ್. 1994ರಲ್ಲಿ ಅಮೆರಿಕದ ಬಿಲ್ ಫಿನ್ನೆಗನ್ ಅದನ್ನು ತಂದಾಗ ಒಳಗಿನ ಸರ್ಕ್ಯೂಟ್ ಯಾರಿಗೂ ಕಾಣದಂತೆ ಎಪಾಕ್ಸಿ ಸುರಿದಿದ್ದರು. ಈ ಸಂಗತಿ ಹೇಳುವಾಗ ಸಾರ್ ದನಿ ತಗ್ಗಿಸುತ್ತಾರೆ, ಹಂಪಿಯ ಗೈಡುಗಳು ವಿಜಯವಿಠ್ಠಲದ ಸಂಗೀತದ ಕಂಬಗಳ ಮುಂದೆ ತಗ್ಗಿಸುವ ಹಾಗೆ. ಆ ಕಂಬಗಳನ್ನು ಮುಟ್ಟುವಂತಿಲ್ಲ. ಈ ಪೆಡಲಿನ ಬೆಲೆಯನ್ನೂ.

ಪಕ್ಕದ ಬೀದಿಯ ನಿವೃತ್ತ ಮೇಷ್ಟರು ಒಮ್ಮೆ ಕೆಣಕಿದರು: “ವಿಶ್ವಮೋಹನ ಭಟ್ಟರು ಮೋಹನವೀಣೆ ಅನ್ನೋ ಸ್ಲೈಡ್ ಗಿಟಾರಿನಲ್ಲಿ 1994ರಲ್ಲೇ ಗ್ರ್ಯಾಮಿ ತಂದ್ರಲ್ರೀ, ಯಾವ ಪೆಡಲ್ ಇತ್ತು?”

“ಅವರಿಗೆ ತರಬಿನ ತಂತಿ ಅದಾವ ಸಾರ್, ಅವೇ ಅನುರಣನ ಕೊಡ್ತಾವ. ನನಗ ಯಾರದಾರ?”

ಮೇಷ್ಟರು ಒಗ್ಗರಣಿ-ಮಿರ್ಚಿ ತಿನ್ನಲು ಹೊರಟುಹೋದರು.

ಪೆಡಲಿನ ಜೊತೆಗೆ ಕೊಳವೆಯ ಚಿಂತೆ ಬೇರೆ. ಉಕ್ಕಿನೂರಿನಲ್ಲಿದ್ದುಕೊಂಡು ಲೇತಿನವರ ಹತ್ತಿರ ಪೈಪಿನ ತುಂಡು ಕತ್ತರಿಸಿಕೊಂಡರಾಗದೆ? ಆಗದು. ಉಕ್ಕಿನ ದನಿ ಚುರುಕು, ಗಾಜಿನದು ಮೆದು. ಸ್ಲೈಡ್ ಗಿಟಾರಿನ ದಿಗ್ಗಜ ಡ್ವೇನ್ ಆಲ್‌ಮನ್ ನುಡಿಸಿದ್ದು ನೆಗಡಿ ಮಾತ್ರೆಯ ಗಾಜಿನ ಸೀಸೆಯಿಂದ ಎಂದು ತಿಳಿದ ದಿನವೇ ಸಾರ್ ಮೆಡಿಕಲ್ ಸ್ಟೋರಿಗೆ ನಡೆದರು.

“ಕೆಮ್ಮಿನ ಔಷಧಿ ಕೊಡ್ರಿ. ಗಾಜಿನ ಬಾಟ್ಲಿದು.”

“ಕೆಮ್ಮು ಯಾರಿಗ್ರೀ ಸಾರ್?”

“ಯಾರಿಗೂ ಇಲ್ಲ.”

“ಈಗೆಲ್ಲಾ ಪ್ಲಾಸ್ಟಿಕ್ಕೇ ಜಾಸ್ತಿ ಬರ್ತಾವ. ಒಳಗಿನ ಔಷಧಿ ಏನ್ ಮಾಡ್ತೀರಿ?”

“ಚೆಲ್ತೀನಿ.”

ಅಂಗಡಿಯವ ಅಂದಿನಿಂದ ಇವರಿಗೆ ಡಾಕ್ಟರ ಚೀಟಿ ಇಲ್ಲದೆ ಬ್ಯಾಂಡೇಜನ್ನೂ ಕೊಡುವುದಿಲ್ಲ.

ಓವರ್‌ಡ್ರೈವಿನ ಇನ್ನೊಂದು ಗುಣವೆಂದರೆ ಅದಕ್ಕೆ ಪಂಕ್ತಿಭೇದವಿಲ್ಲ. ಸ್ವರವನ್ನು ಹಿಗ್ಗಿಸಿದಂತೆ ಅಗ್ಗದ ಅಡಾಪ್ಟರಿನ ಗುಂಯ್‌ಗುಡುವಿಕೆಯನ್ನೂ ಹಿಗ್ಗಿಸುತ್ತದೆ. ಸಿ ಶಿಫ್ಟ್ ಮುಗಿಸಿ ಬಂದ ಒಂದು ಬೆಳಿಗ್ಗೆ ಸಾರ್ ಆ ಸದ್ದಿನಲ್ಲೂ ಸಂಗೀತ ಕಂಡರು. “ನಮ್ಮ ಕರೆಂಟು 50 ಹರ್ಟ್ಸ್. ಪಾಶ್ಚಾತ್ಯರ ಕೆಳಗಿನ ಜಿ ಸ್ವರ 49. ನನ್ನ ಗಿಟಾರು ಓಪನ್ ಜಿ ಶ್ರುತಿ. ಗೋಡೆಯ ಪ್ಲಗ್ಗೇ ತಂಬೂರಿ ಮೀಟ್ತೈತಿ!”

“ಒಂದು ಹರ್ಟ್ಸ್ ಅಪಶ್ರುತಿ ಅಲ್ವೇನಪ್ಪಾ?” ಎಂದಳು ಮಗಳು. ಸೈನ್ಸ್ ತೆಗೆದುಕೊಂಡಿದ್ದಳು.

ಕರೆಂಟನ್ನು ಇಳಿಸಲಾಗದು; ಗಿಟಾರನ್ನು ಏರಿಸಬಹುದು. ಸಾರ್ ಒಂದೊಂದೇ ಬಿರಡೆ ಬಿಗಿಯುತ್ತ ಬಂದರು. ಕೆಂಧೂಳು ತಿಂದು ಹಳತಾಗಿದ್ದ ಮೂರನೆಯ ತಂತಿ ಟಪ್ಪೆಂದಿತು. ಹಾಗಾಗಿ ಪೆಡಲಿನ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟು, ತಂತಿ ನಿಕ್ಕಲ್ಲಿನದೋ ಸ್ಟೀಲಿನದೋ ಎಂಬುದನ್ನು ಸಾರ್ ಈಗ ಮೊದಲಿಂದ ಅಧ್ಯಯನ ಮಾಡುತ್ತಿದ್ದಾರೆ.