ನಿಸ್ವಾರ್ಥ ಸೇವೆ ಅಂದೋರು ಯಾರ್ರೀ?

ಕಲಬುರಗಿ ಸೀಮೆಯ ಕರಿಮಣ್ಣಿನ ಹೊಲ, ಬಿತ್ತಿ ಒಂದೂವರೆ ತಿಂಗಳಾದ ತೊಗರಿ. ಗಿಡದ ಬುಡವನ್ನು ಮೆಲ್ಲಗೆ ಅಗೆದು ಎಬ್ಬಿಸಿದರೆ ಬೇರಿನುದ್ದಕ್ಕೂ ಸಣ್ಣಸಣ್ಣ ಗಂಟುಗಳು. ಅವುಗಳಲ್ಲೊಂದರ ನಿವಾಸಿ, ರೈಜೋಬಿಯಂ ಬಳಗದ ಹಿರಿಯ ಬ್ಯಾಕ್ಟೀರಿಯಾಗೆ ‘ನಿಸ್ವಾರ್ಥ ಭೂಸೇವಾರತ್ನ’ ಬಿರುದು ಕೊಡುವ ಮುನ್ನ ನಡೆಸಿದ ಸಂದರ್ಶನವಿದು. ಶಾಲು, ಹಣ್ಣಿನ ಬುಟ್ಟಿ ಸಿದ್ಧವಾಗಿದ್ದವು.

ಪ್ರ: ನಮಸ್ಕಾರ. ಒಳಗೆ ಬರಬಹುದೇ?

ಉ: ಬ್ಯಾಡ್ರೀ ಸಾಹೇಬ್ರ, ಅಲ್ಲೇ ಕೂಡ್ರಿ! ನಿಮ್ಮ ಹಿಂದ ಗಾಳಿನೂ ನುಗ್ತದ. ಆಮ್ಲಜನಕ ತಗಲಿತಂದ್ರ ಸಾರಜನಕ ಬಿಡಿಸೋ ನಮ್ಮ ಕಿಣ್ವ ನೈಟ್ರೋಜಿನೇಸ್ ಕೆಟ್ಟು ಕೂಡ್ತದ. ಅದಕ್ಕಂತಲೇ ಒಳಗ ಲೆಗ್‌ಹಿಮೋಗ್ಲೋಬಿನ್ ಕಾವಲಿಗದ. ನಿಮ್ಮ ರಕ್ತದಾಗ ಇರೋ ಹಿಮೋಗ್ಲೋಬಿನ್ನಿನ ದಾಯಾದಿನೇ, ಬಣ್ಣನೂ ಕೆಂಪು. ನಮ್ಮ ಉಸಿರಿಗೆ ಬೇಕಾದಷ್ಟೇ ಆಮ್ಲಜನಕ ಅಳೆದು ಕೊಡ್ತದ.

ಪ್ರ: ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಗಿಡಕ್ಕೆ ದಕ್ಕದು. ಅದನ್ನು ಉಚಿತವಾಗಿ, ಯಾವ ಫಲಾಪೇಕ್ಷೆಯೂ ಇಲ್ಲದೆ ಒದಗಿಸುವ ತಮ್ಮ ತ್ಯಾಗ...

ಉ: ಉಚಿತ ಅಂದೋರು ಯಾರ್ರೀ? ಸಾರಜನಕದ ಅಣುವಿನ್ಯಾಗ ಎರಡು ಪರಮಾಣು ಮೂರು ಕೊಂಡಿ ಹಾಕ್ಕೊಂಡು ಕುಂತಿರ್ತಾವ. ಒಂದೊಂದು ಅಣು ಬಿಡಿಸಿ ಅಮೋನಿಯಾ ಮಾಡಲಿಕ್ಕೆ ಕಡಿಮಿ ಅಂದ್ರೂ 16 ಎಟಿಪಿ, ಅಂದ್ರ ಜೀವಕೋಶದ ಶಕ್ತಿ ನಾಣ್ಯ, ಖರ್ಚು. ಎಲಿ ಮಾಡಿದ ಸಕ್ಕರಿಯೊಳಗಿಂದ ಗಿಡ ನಮಗ ಪಗಾರ ಎಣಿಸ್ತದ. ಪಗಾರ ನಿಂತ್ರ ಕೆಲಸಾನೂ ನಿಂತಿತು.

ಪ್ರ: (ಶಾಲು ಮಡಚುತ್ತಾ) ಕೆಲಸ ಸಿಕ್ಕಿದ್ದು ಹೇಗೆ? ಯಾರದಾದರೂ ವಶೀಲಿ?

ಉ: ಅದು ಇಲ್ಲಿ ನಡಿಯಂಗಿಲ್ಲ. ಬೇರು ಮಣ್ಣಿಗೆ ಫ್ಲೇವನಾಯ್ಡ್ ಬಿಟ್ಟು ಕರೀತದ. ನಾವು ನಾಡ್ ಫ್ಯಾಕ್ಟರ್ ಅನ್ನೋ ಅರ್ಜಿ ಕೊಡ್ತೀವಿ. ಒಪ್ಪಿಗಿ ಆದ್ರ ಬೇರಿನ ಕೂದಲು ಸುರುಳಿ ಸುತ್ತಿ ಒಳಗ ಕರ್ಕೊಳ್ತದ. ನಾನು ಬ್ರಾಡಿರೈಜೋಬಿಯಂ ಮನೆತನದಾಂವ, ತೊಗರಿಗೆ ನಡೀತದ. ಕಡ್ಲಿ ಹೊಲಕ್ಕ ಹೋದ್ರ ಒಳಗ ಬಿಡಂಗಿಲ್ಲ, ಅಲ್ಲಿ ಮೆಸೊರೈಜೋಬಿಯಂ ಮಂದಿನೇ ಬೇಕು.

ಪ್ರ: ಸಕ್ಕರೆ ತಿಂದು ಕೆಲಸ ಮಾಡದವರೂ ಇರಬೇಕಲ್ಲ?

ಉ: ಇಲ್ದೇನ್ರಿ! ಸೋಯಾಬೀನ್ ಗಿಡದಾಗ ವಿಜ್ಞಾನಿಗಳೇ ನೋಡ್ಯಾರ, ಸಾರಜನಕ ಕೊಡದ ಗಂಟಿಗೆ ಗಿಡ ಆಮ್ಲಜನಕಾನೇ ಕಡಿಮಿ ಮಾಡ್ತದ. ನೋಟಿಸ್ ಇಲ್ಲ, ಇಲಾಖಾ ವಿಚಾರಣೆ ಇಲ್ಲ. ನಿಮ್ಮ ಕಚೇರಿಗಳಿಗೂ ಇದೇ ಪದ್ಧತಿ ತಂದ್ರ...

(ವಿಷಯ ಬದಲಿಸುವುದು ಕ್ಷೇಮವೆನಿಸಿತು.)

ಪ್ರ: ಯೂರಿಯಾ ಜೊತೆ ತಮ್ಮ ಸಂಬಂಧ ಹೇಗಿದೆ?

ಉ: ಅವರು ದೊಡ್ಡ ಮಂದಿ! ನಾವು ಮಣ್ಣಿನ ಕಾವಿನ್ಯಾಗ ಸುಮ್ಕ ಮಾಡೋ ಕೆಲಸಕ್ಕ ಅವರಿಗೆ 400 ಡಿಗ್ರಿ ಮ್ಯಾಲಿನ ಶಾಖ, ವಾತಾವರಣದ ನೂರಾರು ಪಟ್ಟು ಒತ್ತಡ ಬೇಕು. ಜರ್ಮನಿಯ ಓಪಾವುನಾಗ 1913ರಾಗ ಆ ಪದ್ಧತಿಯ ಮೊದಲ ಕಾರ್ಖಾನಿ ಶುರುವಾತು. ಈಗ 45 ಕೆ.ಜಿ. ಚೀಲಕ್ಕ 266 ರೂಪಾಯಿ 50 ಪೈಸೆ, ಉಳಿದ ಭಾರ ಸರಕಾರದ್ದು. ಮಳಿ ಬಿದ್ದ ಮರುದಿನ ಅದರ ಸಲುವಾಗಿ ಮಂದಿ ಚಪ್ಪಲಿ ಸಾಲಿಟ್ಟು ಪಾಳಿ ಹಚ್ತಾರ. ಬೀಜಕ್ಕ ಹಚ್ಚಲಿಕ್ಕೆ ನಮ್ಮನ್ನ ತುಂಬಿ ಮಾರೋ 200 ಗ್ರಾಂ ಪೊಟ್ಟಣಕ್ಕ ಯಾರರೆ ಚಪ್ಪಲಿ ಇಟ್ಟಿದ್ದು ನೋಡೀರೇನು? ಬಿತ್ತುವಾಗ ಒಂದೀಟು ಯೂರಿಯಾ ಹಾಕ್ರಿ, ಬ್ಯಾಡನ್ನಂಗಿಲ್ಲ. ಆದ್ರ ಬಾಜೂ ಹೊಲದಾಂವ ಉಗ್ಗಿದ ಅಂತ ತೊಗರಿಗೆ ಮತ್ತ ಮತ್ತ ಯೂರಿಯಾ ಉಗ್ಗಿದ್ರ, ಗಿಡ ಗಂಟು ಕಟ್ಟೂದೇ ಕಡಿಮಿ ಮಾಡ್ತದ. ತಾನೇ ರೊಕ್ಕ ಕೊಟ್ಟು ನಮ್ಮನ್ನ ಕೆಲಸದಿಂದ ತೆಗಿಯೋ ಧಣಿನ್ನ ನಾ ಎಲ್ಲೂ ಕಂಡಿಲ್ಲ.

ಪ್ರ: ಹಳೇ ಮೈಸೂರು ಕಡೆ ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತಿದ್ದ ಅಜ್ಜಂದಿರು ತಮ್ಮನ್ನು ಗುರುತಿಸಿದ್ದರೇ?

ಉ: ಹೆಸರು ಗೊತ್ತಿರಲಿಲ್ಲ, ಗುಣ ಗೊತ್ತಿತ್ತು. ನಮ್ಮನ್ನ ಗಂಟಿನಿಂದ ಬೇರೆ ಮಾಡಿ ಬೆಳೆಸಿ ತೋರಿಸಿದ್ದು ಹಾಲೆಂಡಿನ ಬೈಯರಿಂಕ್, 1888ರಾಗ. ಆದ್ರ ಒಂದು ಮಾತು, ತೊಗರಿ ಬಿತ್ತಿದ್ರ ಹೊಲಕ್ಕೆಲ್ಲಾ ಗೊಬ್ಬರ ಆಯ್ತು ಅಂತ ಉಬ್ಬಿಸಿ ಹೇಳಬ್ಯಾಡ್ರಿ. ನಾವು ಗಳಿಸಿದ್ದರಾಗ ಭಾಳಷ್ಟು ಕಾಳಿನ ಪ್ರೋಟೀನ್ ಆಗಿ ನಿಮ್ಮ ಬ್ಯಾಳಿ ಸಾರಿಗೇ ಹೋಗ್ತದ. ಮಣ್ಣಿಗೆ ಉಳಿಯೂದು ಉದುರಿದ ಎಲಿ, ಬೇರು. ತೊಗರಿ ಕಟ್ಟಿಗಿನೂ ನೀವು ಒಲಿಗೆ ಒಯ್ತೀರಿ.

ಪ್ರ: ಹಾಗಾದರೆ ಬಿರುದು?

ಉ: ಅದು ಯಾರರೆ ಪುಢಾರಿಗೆ ಕೊಡ್ರಿ. ನಮಗ ಒಂದು ಉಂಡಿ ಬೆಲ್ಲ ಸಾಕು. ಬೆಲ್ಲದ ನೀರು ಆರಿದ ಮ್ಯಾಲ ನಮ್ಮ ಪುಡಿ ಕಲಸಿ, ಬೀಜಕ್ಕ ಹಚ್ಚಿ, ನೆರಳಿನ್ಯಾಗ ಒಣಗಿಸಿ, ಅವತ್ತೇ ಬಿತ್ತರಿ. ಬೀಜಕ್ಕ ಬೂಷ್ಟಿನ ಔಷಧ ಹಚ್ಚೂದಿದ್ರ ಅದು ಮೊದಲು, ನಾವು ಕಡೀಗೆ. ಪೊಟ್ಟಣದ ಮ್ಯಾಲಿನ ತಾರೀಖು ನೋಡ್ರಿ. ಅಂಗಡಿ ಮುಂದ ಬಿಸಿಲಿಗೆ ಬೆಂದದ್ದು ಇದ್ರ ಅದರಾಗ ಬರೇ ಲಿಗ್ನೈಟ್ ಪುಡಿ ಇರ್ತದ, ನಾವಿರಂಗಿಲ್ಲ. ಬಿತ್ತಿ ತಿಂಗಳೊಪ್ಪತ್ತಾದ ಮ್ಯಾಲ ಒಂದು ಗಿಡ ಅಗೆದು, ಗಂಟನ್ನ ಉಗುರಿನಿಂದ ಸೀಳಿ ನೋಡ್ರಿ. ಒಳಗ ಗುಲಾಬಿ ಬಣ್ಣ ಇದ್ರ ನಾವು ಡ್ಯೂಟಿ ಮ್ಯಾಲ ಇದ್ದೀವಿ ಅಂತ ತಿಳೀರಿ, ಯೂರಿಯಾ ಪಾಳಿಯಿಂದ ನಿಮ್ಮ ಚಪ್ಪಲಿ ತಗೊಂಡು ಮನಿಗೆ ನಡೀರಿ.