560066 ಎಂಬ ಪೂರ್ಣಾಂಕದ ಸ್ವರೂಪವೂ ಗತಿಯೂ

ವೈಟ್‌ಫೀಲ್ಡಿನ ಪಿನ್ ಕೋಡನ್ನು ಪೂರ್ವಸೂರಿಗಳು ವಿಳಾಸದ ಬಾಲವೆಂದು ಬಗೆದು ಕಡೆಗಣಿಸಿದ್ದಾರೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿ ಪದ್ಧತಿಯ ರೂವಾರಿ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿಯೂ ಹೌದು. ಆದ್ದರಿಂದ ಅಂಕಿಗಳಲ್ಲಿ ಗೂಢಾರ್ಥ ಅಡಗಿಸಿದ್ದಾರೆಂಬ ನಮ್ಮ ಶಂಕೆ ತೀರಾ ನಿರಾಧಾರವಲ್ಲ.

ಮೊದಲಿಗೆ ಅಪವರ್ತನ. 560066 = 2 × 13 × 13 × 1657. ಹದಿಮೂರು ಎರಡು ಸಲ ಏಕೆ? ಬೆಳಗ್ಗೆ ಆಫೀಸಿಗೆ ಹೋಗುವಾಗ ಒಂದು, ಸಂಜೆ ಮನೆಗೆ ಬರುವಾಗ ಇನ್ನೊಂದು ಎಂಬುದು ವ್ಯಾಖ್ಯಾನಕಾರರ ಒಮ್ಮತ. ವರ್ಕ್ ಫ್ರಮ್ ಹೋಮ್ ಪಂಥದವರು ಮಾತ್ರ ಇದನ್ನು ಒಪ್ಪುವುದಿಲ್ಲ. ಪೀಣ್ಯದ 560058 = 2 × 3 × 269 × 347; ಪಾಳಿ ಬದಲಾಗುವ ಕಡೆ ಯಾವ ಅಪವರ್ತನವೂ ಎರಡನೆಯ ಸಲ ಬರುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯ 560100ಕ್ಕಂತೂ 36 ಭಾಜಕಗಳು. ಫೇಸ್ ಒಂದು, ಫೇಸ್ ಎರಡು ಎಂದು ಹಂಚುತ್ತ ಹೋಗಲು ಹೇಳಿ ಮಾಡಿಸಿದ ಸಂಖ್ಯೆ.

ಪೀಣ್ಯಕ್ಕೂ ವೈಟ್‌ಫೀಲ್ಡಿಗೂ ಅಂತರ ಬರೀ 8. ವಾಯವ್ಯದ ಪೀಣ್ಯದಿಂದ ಸಂಖ್ಯಾರೇಖೆ ಹಿಡಿದು ಹೊರಟರೆ ಎರಡು ಹೆಜ್ಜೆಗೆ ನೈಋತ್ಯದ ಕೆಂಗೇರಿ (560060), ಮತ್ತೆ ನಾಲ್ಕಕ್ಕೆ ಉತ್ತರದ ಯಲಹಂಕ (560064), ಇನ್ನೆರಡಕ್ಕೆ ಪೂರ್ವದ ವೈಟ್‌ಫೀಲ್ಡ್. ಸಂಖ್ಯಾರೇಖೆ ನೇರವೆಂದು ಪಾಠ ಮಾಡುವ ಮೇಷ್ಟ್ರುಗಳು ಒಂದು ಸಲ ಈ ದಾರಿಯಲ್ಲಿ ಬಿಎಂಟಿಸಿ ಹತ್ತಲಿ.

ಈಗ ಗತಿ. ದೇವಳಾಲಿಯ ಶಾಲಾ ಮೇಷ್ಟ್ರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ 1949ರಲ್ಲಿ ಒಂದು ಸೋಜಿಗ ಕಂಡುಕೊಂಡರು. ಸಂಖ್ಯೆಯ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆಯ ಕ್ರಮದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ನಾಲ್ಕಂಕಿಯ ಸಂಖ್ಯೆಯಾದರೆ, ಎಲ್ಲ ಅಂಕಿಯೂ ಒಂದೇ ಆಗಿರದಿದ್ದಲ್ಲಿ, ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ನಿಲ್ಲುತ್ತದೆ. ಆರಂಕಿಗೆ ಆ ಭಾಗ್ಯವಿಲ್ಲ. ಪೀಣ್ಯ 859932, 762633 ಎಂದು ಹೊರಡುತ್ತದೆ; ಎಲೆಕ್ಟ್ರಾನಿಕ್ ಸಿಟಿ 650844, 820872 ಎಂದು. ಐದನೆಯ ಹೆಜ್ಜೆಗೆ ಎರಡೂ 749943ರಲ್ಲಿ ಡಿಕ್ಕಿ ಹೊಡೆಯುತ್ತವೆ. ಈ ಸಂಖ್ಯೆಗೆ ‘ಸಿಲ್ಕ್ ಬೋರ್ಡ್ ಸ್ಥಿರಾಂಕ’ವೆಂದು ನಾಮಕರಣ ಮಾಡಿದ್ದೇವೆ. ಏಳನೆಯದಕ್ಕೆ 420876. ಅಲ್ಲಿಂದ 851742, 750843, 840852, 860832, 862632, 642654, ಮರಳಿ 420876. ಏಳು ಸಂಖ್ಯೆಗಳ ಈ ಬಳೆಯೊಳಗೆ ಹೊಕ್ಕವರಿಗೆ ಹೊರದಾರಿಯಿಲ್ಲ. ಗಣಿತಜ್ಞರು ಇದನ್ನು ಆವರ್ತವೆನ್ನುತ್ತಾರೆ, ಕ್ಯಾಬ್ ಚಾಲಕರು ಔಟರ್ ರಿಂಗ್ ರೋಡ್ ಎನ್ನುತ್ತಾರೆ. ವೈಟ್‌ಫೀಲ್ಡ್ ಸಹ ಕೊನೆಗೆ ಸೇರುವುದು ಈ ಬಳೆಯನ್ನೇ. ಆದರೆ ಉಳಿದೆರಡಕ್ಕೆ ಏಳು ಹೆಜ್ಜೆ ಸಾಕಾದ ದಾರಿಗೆ ಅದು ಹನ್ನೆರಡು ಹೆಜ್ಜೆ ತೆಗೆದುಕೊಳ್ಳುತ್ತದೆ. ಲೆಕ್ಕ ನಂಬದವರು ಕಾಗದ, ಪೆನ್ಸಿಲು ಹಿಡಿದು ಕೂರಬಹುದು. ಮಾರತಹಳ್ಳಿಯಲ್ಲಿ ಬಸ್ಸು ನಿಂತಾಗ ಬೇಕಾದಷ್ಟು ಪುರುಸೊತ್ತು ಸಿಗುತ್ತದೆ.

ಆರಂಕಿ ಸಂಖ್ಯೆಗಳಲ್ಲೂ ನಿಶ್ಚಲವಾಗಿ ನಿಲ್ಲುವ ನೆಲೆಗಳು ಎರಡಿವೆ: 549945 ಮತ್ತು 631764. 54ರಿಂದ ಶುರುವಾಗುವ ಪಿನ್ ಯಾವ ಊರಿಗೂ ಇಲ್ಲ. 63 ತಮಿಳುನಾಡಿನದು, ನೆಮ್ಮದಿ ಬೇಕಾದವರು ಅತ್ತಿಬೆಲೆ ದಾಟಿ ವಿಚಾರಿಸತಕ್ಕದ್ದು.